ಲೋಳೆ ಬೂಷ್ಟಿಗೆ ಆಕಾರ ಎಲ್ಲಿಂದ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಚಳಿ ಬಿದ್ದ ಮೇಲೆ ಲ್ಯಾಬ್‌ನ ಒಂದು ಮೂಲೆಯಲ್ಲಿ ಲೋಳೆ ಬೂಷ್ಟು (ಸ್ಲೈಮ್ ಮೋಲ್ಡ್) ಬೆಳೆಸಿ ಮೈಕ್ರೋಸ್ಕೋಪ್ ಕೆಳಗೆ ಇಡುತ್ತೇನೆ. ಮೊದಲು ಮಕ್ಕಳು ಬರುತ್ತಾರೆ, ಆಮೇಲೆ ಅವರ ಅಪ್ಪ-ಅಮ್ಮ. ಒಮ್ಮೆ ಲ್ಯಾಬ್ ಗೋಡೆಗೆ ಸುಣ್ಣ ಹೊಡೆಯಲು ಬಂದವರು ಬ್ರಷ್ ಬದಿಗಿಟ್ಟು ಅರ್ಧ ತಾಸು ನೋಡಿದ್ದರು. ನೋಡುವವರು ಬದಲಾದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಬರೆದಿಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಸಲ ನೋಡಿದವರು ಕೇಳುವುದು

ಮೇಡಂ, ಇದು ಬೂಸರಾ, ಹುಳಾನಾ, ಗಿಡಾನಾ?

ಮೂರೂ ಅಲ್ಲ. ಹೆಸರಲ್ಲಿ ಬೂಷ್ಟು ಇದೆ ಅಷ್ಟೇ. ಹಳಸಿದ ರೊಟ್ಟಿಯ ಮೇಲೆ ಬರುವ ಬೂಸರು ಶಿಲೀಂಧ್ರ. ಇದು ಅಮೀಬಾಗಳ ಬಳಗ. ಆದರೆ ಕೊನೆಗೆ ಅಣಬೆಯ ಹಾಗೆ ಕಾಂಡ ಎತ್ತಿ ಬೀಜಕ, ಅಂದರೆ ಬೀಜದಂಥ ಸಣ್ಣ ಪುಡಿ, ಉದುರಿಸುತ್ತದೆ. ಅದಕ್ಕೇ ಗೊಂದಲ. ಜರ್ಮನಿಯ ಆಂಟನ್ ಡಿ ಬಾರಿ 1859ರಲ್ಲಿ ಇವಕ್ಕೆ ಮೈಸೆಟೊಜೋವಾ ಎಂದು ಹೆಸರಿಟ್ಟರು. ಶಿಲೀಂಧ್ರವೂ ಹೌದು, ಪ್ರಾಣಿಯೂ ಹೌದು ಅನ್ನುವ ಅರ್ಥ. ಈಗ ಅಮೀಬಾಗಳ ಗುಂಪಿನಲ್ಲೇ ಸೇರಿಸುತ್ತಾರೆ.

ಮುಖ್ಯವಾಗಿ ಎರಡು ಬಗೆ ಇವೆ. ಒಂದರಲ್ಲಿ ಇಡೀ ಮೈ ಒಂದೇ ದೊಡ್ಡ ಜೀವಕೋಶ, ಒಳಗೆ ಸಾವಿರಾರು ಕೋಶಕೇಂದ್ರ. ಅಂಗೈ ಅಗಲವೂ ಆಗುತ್ತದೆ. ಇನ್ನೊಂದರಲ್ಲಿ ಅಮೀಬಾಗಳು ಬಿಡಿಬಿಡಿಯಾಗಿ ಬದುಕಿ, ಹಸಿದಾಗ ಮಾತ್ರ ಗುಂಪು ಕಟ್ಟುತ್ತವೆ. ನನ್ನ ಲ್ಯಾಬ್‌ನಲ್ಲಿ ಇರುವುದು ಈ ಎರಡನೆಯದು, ಡಿಕ್ಟಿಯೊಸ್ಟೀಲಿಯಂ. ನಾವು ಡಿಕ್ಟಿ ಅಂತೀವಿ.

ನಮ್ಮ ಕಡೆ ಇಂಥ ಒಣ ನೆಲದಾಗ ಎಲ್ಲಿ ಸಿಗ್ತದ್ರಿ?

ಮಳೆಗಾಲದಲ್ಲಿ ಕಣ್ಣು ಬಿಟ್ಟುಕೊಂಡು ಓಡಾಡಿ, ಸಾಕು. ಒಂದೇ ಜೀವಕೋಶದ ದೊಡ್ಡ ಬಗೆಯದು ತಿಪ್ಪೆ, ನೆನೆದ ಮರದ ದಿಮ್ಮಿ, ಕಟ್ಟಿಗೆ ಅಡ್ಡೆಯ ಹೊಟ್ಟಿನ ಗುಡ್ಡೆ ಮೇಲೆ ಹಳದಿ ನೊರೆ ಚೆಲ್ಲಿದಂತೆ ಕಾಣುತ್ತದೆ. ನಾನು ಮೊದಲು ನೋಡಿದ್ದು ಮನೆಯ ಹಿಂದೆ ಒಟ್ಟಿದ್ದ ತೊಗರಿ ಕಟ್ಟಿಗೆಯ ಬುಡದಲ್ಲಿ. ಯಾರೋ ಉಪ್ಪಿಟ್ಟು ಚೆಲ್ಲಿದ್ದಾರೆ ಅಂದುಕೊಂಡಿದ್ದೆ. ಮರುದಿನ ಅದು ಒಂದು ಗೇಣು ಸರಿದಿತ್ತು.

ಡಿಕ್ಟಿಯಂಥವು ಕಾಡಿನ ತರಗೆಲೆ ಕೊಳೆತ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮಲ್ಲಿ ಹುಡುಕುವುದಾದರೆ ಚಿಂಚೋಳಿ ಕಾಡಿನಂಥ ಕಡೆ. ಆದರೆ ಅದು ವನ್ಯಧಾಮ. ಅನುಮತಿ ಇಲ್ಲದೆ ಒಂದು ಹಿಡಿ ಮಣ್ಣನ್ನೂ ತರಬೇಡಿ.

ತೊಗರಿಗೆ ನೆಟೆ ರೋಗ ಬರೋದು ಇದರಿಂದಾನಾ?

ಅಲ್ಲ. ನೆಟೆ ರೋಗ ಫ್ಯುಸೇರಿಯಂ ಎಂಬ ನಿಜವಾದ ಶಿಲೀಂಧ್ರದಿಂದ ಬರುತ್ತದೆ. ಅದು ಬೇರಿನಿಂದ ಒಳಹೊಕ್ಕು ನೀರು ಹರಿಯುವ ನಾಳ ಕಟ್ಟಿಬಿಡುತ್ತದೆ. ಲೋಳೆ ಬೂಷ್ಟು ಗಿಡದ ಒಳಗೆ ಹೋಗುವುದಿಲ್ಲ. ಮೇಲೆ ಹತ್ತಿ ಕೂತರೂ ಒಣಗಿ ಉದುರಿಹೋಗುತ್ತದೆ. ಔಷಧಿ ಹೊಡೆಯುವ ಖರ್ಚು ಬೇಡ.

ಹಂಗಾದ್ರ ಇದರಾಗ ನೋಡೋದಾದ್ರೂ ಏನದ?

ಒಂದು ದಿನದ ಕಥೆ ಇದೆ. ಅದನ್ನೇ ಹೇಳುತ್ತೇನೆ.

ತಟ್ಟೆಯಲ್ಲಿ ಅಮೀಬಾಗಳು ಬ್ಯಾಕ್ಟೀರಿಯಾ ಮೇಯುತ್ತಿರುತ್ತವೆ. ಎಷ್ಟು ಚಿಕ್ಕವು ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 100 ಸಾಲಾಗಿ ನಿಲ್ಲಬಹುದು. ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಮೇವು ಮುಗಿಯುತ್ತದೆ. ಕೆಲವು ತಾಸು ಏನೂ ಆಗದಂತೆ ಕಾಣುತ್ತದೆ. ಮಕ್ಕಳು ಬೇಜಾರಾಗಿ ಚಹಾಕ್ಕೆ ಹೋಗುವುದು ಇದೇ ಹೊತ್ತಿಗೆ.

ಆಮೇಲೆ ಒಮ್ಮೆಗೇ ಅಲೆ ಏಳುತ್ತದೆ. ಸರಿಯಾಗಿ ಬೆಳಕು ಕೊಟ್ಟರೆ ತಟ್ಟೆಯ ಮೇಲೆ ಬಿಳಿ-ಕಪ್ಪು ಪಟ್ಟಿಗಳು ಹಾಯುವುದು ಕಾಣುತ್ತದೆ. ಕೆಲವು ಕಡೆ ಬಳೆಯೊಳಗೆ ಬಳೆ ಇಟ್ಟಂತೆ, ಕೆಲವು ಕಡೆ ಜಿಲೇಬಿ ಸುತ್ತಿದಂತೆ ಚಿತ್ತಾರ. ಓಡುತ್ತಿರುವ ಅಮೀಬಾ ಉದ್ದವಾಗಿರುತ್ತದೆ, ನಿಂತದ್ದು ದುಂಡಗಿರುತ್ತದೆ. ಬೆಳಕು ಎರಡರಲ್ಲೂ ಬೇರೆ ಬೇರೆ ಥರ ಚೆದುರುವುದರಿಂದ ಆ ಪಟ್ಟಿಗಳು. ಎಂಟು ಹತ್ತು ತಾಸು ಕಳೆಯುವ ಹೊತ್ತಿಗೆ ಅಮೀಬಾಗಳು ಹಳ್ಳಗಳು ಹೊಳೆ ಸೇರಿದಂತೆ ಸಾಲು ಸಾಲಾಗಿ ಒಂದು ನಡುವಿಗೆ ಹರಿದು ಬರುತ್ತವೆ. ಅಲ್ಲೊಂದು ಗುಡ್ಡೆ. ಗುಡ್ಡೆಗೆ ಮೊಲೆತೊಟ್ಟಿನಂಥ ತುದಿ. ಆ ಗುಡ್ಡೆ ಎದ್ದು, ಅಡ್ಡ ಬಿದ್ದು, ಒಂದೆರಡು ಮಿಲಿಮೀಟರ್ ಉದ್ದದ ಹುಳುವಿನಂತೆ ತೆವಳತೊಡಗುತ್ತದೆ. ಅದರೊಳಗೆ 1,00,000ದವರೆಗೂ ಅಮೀಬಾ ಇರಬಹುದು. ಬೆಳಕು, ಬೆಚ್ಚಗಿನ ಜಾಗದ ಕಡೆ ಹೋಗಿ ನಿಲ್ಲುತ್ತದೆ. ಮುಂದಿನ ಭಾಗದವು ಕಾಂಡವಾಗುತ್ತವೆ, ಹಿಂದಿನವು ಆ ಕಾಂಡ ಹತ್ತಿ ಬೀಜಕವಾಗುತ್ತವೆ. ಜೋಳದ ದಂಟಿನ ಮೇಲೆ ತೆನೆ ಕೂತಂತೆ. ಹಸಿವು ಶುರುವಾದಾಗಿನಿಂದ ಇಷ್ಟಕ್ಕೆ ಸುಮಾರು 24 ತಾಸು.

ಚಿತ್ತಾರ ಅಂತೀರಲ್ಲ, ಬಿದರಿ ಹೂಜಿ ಮ್ಯಾಲಿನ ಚಿತ್ತಾರದಂಗಾ?

ಈ ಪ್ರಶ್ನೆ ಕೇಳಿದ್ದು ಬೀದರಿನ ಹುಡುಗಿ. ನನಗೆ ಬಹಳ ಇಷ್ಟವಾದ ಪ್ರಶ್ನೆ. ಉತ್ತರ ಮಾತ್ರ ತಿರುವುಮುರುವು. ಬಿದರಿಯಲ್ಲಿ ಕಲಾವಿದರು ಮೊದಲು ಹೂಬಳ್ಳಿ ಗೀಚುತ್ತಾರೆ, ಅದರಂತೆ ಉಳಿಯಲ್ಲಿ ಕೊರೆಯುತ್ತಾರೆ, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಚಿತ್ತಾರ ಹೂಜಿಗಿಂತ ಮುಂಚೆಯೇ ಕಲಾವಿದರ ತಲೆಯಲ್ಲಿ ಇರುತ್ತದೆ. ಡಿಕ್ಟಿಯಲ್ಲಿ ಬರೆಯುವವರೂ ಇಲ್ಲ, ನೋಡಿ ಮಾಡಲು ನಕ್ಷೆಯೂ ಇಲ್ಲ. ಬೆಳ್ಳಿಯೇ ತನ್ನಷ್ಟಕ್ಕೆ ಹೋಗಿ ಹೂವಾಗಿ ಕೂತ ಹಾಗೆ. ಪ್ರತಿ ಅಮೀಬಾಕ್ಕೂ ಗೊತ್ತಿರುವುದು ಪಕ್ಕದವರ ಸುದ್ದಿ ಮಾತ್ರ. ಅಷ್ಟರಲ್ಲೇ ಇಡೀ ತಟ್ಟೆಗೆ ಆಕಾರ ಹೇಗೆ ಬರುತ್ತದೆ ಅನ್ನುವುದೇ ಈ ವಿಷಯದ ಜೀವಾಳ.

ಮನ್ಯಾಗ ಬೆಳಸಬಹುದಾ?

ಡಿಕ್ಟಿ ಬೇಡ. ಅದಕ್ಕೆ ಬ್ಯಾಕ್ಟೀರಿಯಾ ಬೆಳೆಸಿ ಉಣಿಸಬೇಕು, ಅದು ಲ್ಯಾಬ್‌ನ ಕೆಲಸ. ಆದರೆ ದೊಡ್ಡ ಬಗೆಯದನ್ನು ಮನೆಯಲ್ಲೇ ನೋಡಬಹುದು. ಬೇವು ಅಥವಾ ಹುಣಸೆ ಮರದ ಒಣ ಹೊರತೊಗಟೆ ನಾಲ್ಕು ಚೂರು ತನ್ನಿ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಟಿಶ್ಯೂ ಪೇಪರ್ ಹಾಸಿ, ತೊಗಟೆ ಇಟ್ಟು, ಕಾಯಿಸಿ ಆರಿಸಿದ ನೀರು ಹಾಕಿ. ಒಂದು ದಿನ ನೆನೆಸಿ ಉಳಿದ ನೀರು ಚೆಲ್ಲಿಬಿಡಿ. ಬಿಸಿಲು ಬೀಳದ ಕಡೆ ಇಟ್ಟು ದಿನಾ ಲೆನ್ಸ್ ಹಿಡಿದು ನೋಡಿ. ಒಂದು ವಾರದಿಂದ ನಾಲ್ಕು ವಾರದೊಳಗೆ ಬೀಜಕ ತುಂಬಿದ, ಗುಂಡುಸೂಜಿ ತಲೆಯಂಥ ಕಾಯಿಗಳು ಕಾಣಬಹುದು. ಕಾಣದಿದ್ದರೆ ಬೇರೆ ಮರದ ತೊಗಟೆ ಹಾಕಿ. ಬೀಜಕದ ಪುಡಿ ಕೆಲವರಿಗೆ ಅಲರ್ಜಿ ಮಾಡುತ್ತದೆ. ಮೂಗಿನ ಹತ್ತಿರ ಒಯ್ಯಬೇಡಿ.

ಬ್ಯಾಸಿಗ್ಯಾಗ ಯಾಕ ತೋರ್ಸಂಗಿಲ್ಲ ಮೇಡಂ?

ಡಿಕ್ಟಿಗೆ ಬೇಕಾದದ್ದು 22 ಡಿಗ್ರಿ. 27 ದಾಟಿದರೆ ಬೆಳೆಯುವುದೇ ಇಲ್ಲ. ನಮ್ಮ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಒಂದು ವರ್ಷ ಹಟ ಹಿಡಿದು ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಬಾಟಲಿ ಇಟ್ಟು, ತಾಸಿಗೊಮ್ಮೆ ಬದಲಿಸಿ ಬೆಳೆಸಿದೆ. ಮಧ್ಯಾಹ್ನ ಕರೆಂಟ್ ಹೋಯಿತು, ಫ್ರಿಜ್‌ನಲ್ಲಿದ್ದ ಬಾಟಲಿಗಳೂ ಕರಗಿದವು. ಸಂಜೆ ನೋಡಿದರೆ ತಟ್ಟೆಯಲ್ಲಿ ಅವು ಬೆಳೆಯಲು ಹಾಸಿದ ಅಗರ್ ಜೆಲ್ಲಿ ಒಣಗಿ ಹಪ್ಪಳ. ಅವತ್ತಿನಿಂದ ಡಿಸೆಂಬರ್, ಜನವರಿ ಅಷ್ಟೇ.

## ಎರಡನೇ ಸಲ ಬಂದವರು ಕೇಳುವುದು

ಒಂದಕ್ಕೊಂದು ಹೆಂಗ ಕರೀತಾವ? ಬಾಯಿಲ್ಲ, ಕಿವಿಯಿಲ್ಲ!

ವಾಸನೆ ಬಿಟ್ಟು ಕರೆಯುತ್ತವೆ ಅನ್ನಬಹುದು. ಇದನ್ನು ಖಚಿತ ಮಾಡಿದ್ದು ಅಮೆರಿಕದ ಜಾನ್ ಟೈಲರ್ ಬಾನರ್, 1947ರಲ್ಲಿ. ಅವರ ಪ್ರಯೋಗ ಎಷ್ಟು ಸರಳ ನೋಡಿ. ಅಮೀಬಾಗಳು ಒಂದು ನಡುವಿನ ಸುತ್ತ ಸೇರುತ್ತಿದ್ದಾಗ ಮೇಲಿನ ನೀರನ್ನು ಒಂದೇ ದಿಕ್ಕಿಗೆ ನಿಧಾನವಾಗಿ ಹರಿಸಿದರು. ನೀರು ಬರುವ ಕಡೆ ಇದ್ದ ಅಮೀಬಾಗಳಿಗೆ ದಾರಿ ತಪ್ಪಿತು. ನೀರು ಹೋಗುವ ಕಡೆ ಇದ್ದವು ಮಾತ್ರ ನಡುವಿಗೆ ನೆಟ್ಟಗೆ ಬರುತ್ತಲೇ ಇದ್ದವು. ಅಂದರೆ ನಡುವಿನಿಂದ ನೀರಿನಲ್ಲಿ ಏನೋ ಕರಗಿ ಬರುತ್ತಿದೆ ಎಂದಾಯಿತು. ಅದೇನು ಅಂತ ಗೊತ್ತಾಗಲು ಇನ್ನೂ 20 ವರ್ಷ ಹಿಡಿಯಿತು. 1967ರಲ್ಲಿ ಅದು ಸೈಕ್ಲಿಕ್ ಎಎಂಪಿ ಎಂಬ ಸಣ್ಣ ರಾಸಾಯನಿಕ ಎಂದು ತಿಳಿಯಿತು.

ತಮಾಷೆ ಏನೆಂದರೆ ಇದೇ ವಸ್ತು ನಮ್ಮ ಮೈಯಲ್ಲೂ ಇದೆ. ಹೆದರಿದಾಗ ಅಡ್ರಿನಲಿನ್ ತಂದ ಸುದ್ದಿಯನ್ನು ಜೀವಕೋಶದ ಒಳಗೆ ಮುಟ್ಟಿಸುವುದು ಅದೇ. ನಮ್ಮಲ್ಲಿ ಒಳಮನೆಯ ಮಾತು, ಅವುಗಳಲ್ಲಿ ಬೀದಿಯ ಕೂಗು.

ಅವುಗಳೊಳಗ ಲೀಡರ್ ಯಾರು?

ಹುಟ್ಟಾ ಲೀಡರ್ ಅಂತ ಯಾರೂ ಇಲ್ಲ. ಯಾವುದೋ ಕೆಲವು ಮೊದಲು ಮಿಡಿಯುತ್ತವೆ, ಅದೇ ನಡುವಾಗುತ್ತದೆ. ಅದನ್ನು ತೆಗೆದುಹಾಕಿದರೆ ಇನ್ನೊಂದು ಕಡೆ ನಡು ಹುಟ್ಟುತ್ತದೆ.

ಒಂದು ಕಡೆ ಬಿಟ್ಟ ವಾಸನೆ ಅಷ್ಟು ದೂರ ತಾನಾಗಿ ಹರಡಲಾರದು. ಜೊತೆಗೆ ಅದನ್ನು ಕತ್ತರಿಸುವ ಕಿಣ್ವವನ್ನೂ ಅಮೀಬಾಗಳೇ ಹೊರಗೆ ಬಿಡುತ್ತಿರುತ್ತವೆ. ಹಾಗಾಗಿ ಕೈ ಬದಲಿಸಿ ಮುಟ್ಟಿಸುತ್ತವೆ. ಕೇಳಿದ ಅಮೀಬಾ ತಾನೂ ಸೈಕ್ಲಿಕ್ ಎಎಂಪಿ ಬಿಡುತ್ತದೆ, ಅದನ್ನು ಹಿಂದಿನದು ಕೇಳುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಹಿಂದೆ ನಿಂತವರಿಗೆ ತೇರು ಹೊರಟಿದ್ದು ಕಾಣುವುದಿಲ್ಲ, ಮುಂದಿನವರ ಜೈಕಾರ ಕೇಳಿ ತಾವೂ ಕೂಗುತ್ತಾರೆ. ಹಂಗೆ. ಕೂಗಿದ ಮೇಲೆ ಸ್ವಲ್ಪ ಹೊತ್ತು ಉಸಿರು ತಗೋಬೇಕು. ಆಗ ಯಾರು ಕರೆದರೂ ಓಗೊಡುವುದಿಲ್ಲ. ಸುಮಾರು 6 ನಿಮಿಷಕ್ಕೊಂದು ಅಲೆ. ಮಕ್ಕಳಿಗೆ ನಾನು ಮೂರೇ ಮಾತಲ್ಲಿ ಹೇಳುವುದು: ಕೇಳು, ಹೇಳು, ಸುಮ್ನಿರು.

ಅಲೆ ದಾಟಿ ಹೋದ ಮ್ಯಾಲ ಅದರ ಬೆನ್ನು ಹತ್ತಿ ಹಿಂದಕ್ಕ ಯಾಕ ಹೋಗಂಗಿಲ್ಲ?

ಜಾಣ ಪ್ರಶ್ನೆ. ಅಲೆ ಬರುವಾಗ ವಾಸನೆ ನಡುವಿನ ಕಡೆ ಜಾಸ್ತಿ. ದಾಟಿದ ಮೇಲೆ ಹೊರಗಿನ ಕಡೆ ಜಾಸ್ತಿ. ಹಾಗಾದರೆ ಅಮೀಬಾ ಬಂದಷ್ಟೇ ದೂರ ವಾಪಸ್ ಹೋಗಬೇಕಿತ್ತು, ಅಲ್ವಾ? ಹೋಗುವುದಿಲ್ಲ. ಅಲೆ ದಾಟುವ ಹೊತ್ತಿಗೆ ಅದರ ಮೂಗು ಮಂದವಾಗಿರುತ್ತದೆ. ಅಡುಗೆಮನೆಯಲ್ಲಿ ನಿಂತವರಿಗೆ ಸ್ವಲ್ಪ ಹೊತ್ತಿಗೆ ಒಗ್ಗರಣೆ ಘಾಟು ಗೊತ್ತಾಗುವುದಿಲ್ಲವಲ್ಲ, ಹಾಗೆ. ವಾಸನೆ ಏರುವಾಗ ಓಡುತ್ತದೆ, ಇಳಿಯುವಾಗ ನಿಲ್ಲುತ್ತದೆ. ಒಂದು ಅಲೆಗೆ ತನ್ನ ಮೈ ಉದ್ದದ ಒಂದೆರಡು ಪಟ್ಟು ದೂರ. ಮುಂದಿನ ಅಲೆಗೆ ಇನ್ನಷ್ಟು.

ಕೆಲವು ಕಡೆ ಬಳೆ, ಕೆಲವು ಕಡೆ ಜಿಲೇಬಿ. ಯಾಕ ಹಂಗ?

ಒಂದು ಜಾಗದಿಂದ ಆಗಾಗ ಅಲೆ ಎದ್ದರೆ ಬಳೆಗಳು. ಅಲೆ ಎಲ್ಲಾದರೂ ತುಂಡಾದರೆ ಸುರುಳಿ. ತುಂಡಾದ ಅಲೆಯ ತುದಿ ನೆಟ್ಟಗೆ ಹೋಗಲಾರದು. ಪಕ್ಕದಲ್ಲಿ ಉಸಿರು ತಗೊಂಡು ಎಚ್ಚರಾದ ಅಮೀಬಾಗಳ ಕಡೆ ಬಾಗುತ್ತದೆ, ಬಾಗಿ ಬಾಗಿ ತನ್ನ ಸುತ್ತಲೇ ತಿರುಗತೊಡಗುತ್ತದೆ.

ಇದೇ ಸುರುಳಿ ಜೀವವಿಲ್ಲದ ಕಡೆಯೂ ಬರುತ್ತದೆ. 1951ರಲ್ಲಿ ರಷ್ಯಾದ ಬೆಲೌಸೊವ್ ಬಣ್ಣ ಬದಲಿಸುತ್ತಲೇ ಇರುವ ಒಂದು ರಾಸಾಯನಿಕ ದ್ರಾವಣ ಕಂಡುಹಿಡಿದರು. ಆಗ ಯಾರೂ ನಂಬಲಿಲ್ಲ. ಝಬೊಟಿನ್‌ಸ್ಕಿ ಎಂಬ ತರುಣ 1960ರ ದಶಕದಲ್ಲಿ ಅದನ್ನು ಮುಂದುವರಿಸಿದರು. ಆ ದ್ರಾವಣವನ್ನು ತೆಳ್ಳಗೆ ತಟ್ಟೆಯಲ್ಲಿ ಹರಡಿದರೆ ಡಿಕ್ಟಿ ತಟ್ಟೆಯದೇ ಚಿತ್ತಾರ. ಹೃದಯದ ಸ್ನಾಯುವಿನಲ್ಲಿ ಇಂಥ ಸುರುಳಿ ಎದ್ದರೆ ಬಡಿತದ ತಾಳ ತಪ್ಪುತ್ತದೆ. ವಸ್ತು ಮೂರೂ ಕಡೆ ಬೇರೆ, ಲೆಕ್ಕ ಒಂದೇ.

ಇದು ರೈಲ್ ಹಳಿ ಪ್ಲಾನ್ ಮಾಡ್ತದಂತ, ಖರೇನಾ?

ಅದು ಡಿಕ್ಟಿ ಅಲ್ಲ, ಫೈಸೇರಂ. ಒಂದೇ ಜೀವಕೋಶದ ಹಳದಿ ಬಗೆ. ಜಪಾನಿನಲ್ಲಿ 2000ದಲ್ಲಿ ನಕಗಾಕಿ ಮತ್ತು ಜೊತೆಯವರು ಇದು ಚಕ್ರವ್ಯೂಹದಂಥ ಓಣಿಗಳಲ್ಲಿ ಗಿಡ್ಡ ದಾರಿ ಹಿಡಿಯುವುದನ್ನು ತೋರಿಸಿದರು. 2010ರಲ್ಲಿ ಟೋಕಿಯೊ ಸುತ್ತಲಿನ ಊರುಗಳಿದ್ದ ಜಾಗದಲ್ಲಿ ಓಟ್ಸ್ ಇಟ್ಟು ಇದನ್ನು ಬಿಟ್ಟಾಗ, ಒಂದು ದಿನದಲ್ಲೇ ಅಲ್ಲಿನ ರೈಲು ಜಾಲಕ್ಕೆ ಹತ್ತಿರದ ಜಾಲ ಹೆಣೆಯಿತು. ಇಲ್ಲೂ ಪ್ಲಾನ್ ಇಲ್ಲ. ಒಳಗಿನ ರಸ ಹಿಂದೆ ಮುಂದೆ ಹರಿಯುತ್ತಿರುತ್ತದೆ. ಜಾಸ್ತಿ ಹರಿದ ನಾಳ ದಪ್ಪಗಾಗುತ್ತದೆ, ಹರಿಯದ್ದು ಸೊರಗಿ ಹೋಗುತ್ತದೆ. ಹೊಲದ ಕಾಲುದಾರಿ ಆಗುವುದೂ ಹೀಗೇ ಅಲ್ವಾ? ಬೀದರ್-ಕಲಬುರಗಿ ರೈಲು ಪೂರ್ತಿ ಶುರುವಾಗಿದ್ದು 2017ರಲ್ಲಿ. ಅಷ್ಟು ವರ್ಷ ಕಾಯುವ ಬದಲು ಇದನ್ನೇ ಕೇಳಬಹುದಿತ್ತು ಅಂತ ಒಬ್ಬ ತಂದೆ ನಕ್ಕರು. ಹಳಿ ಹಾಕುವವರು ಯಾರು, ಅದನ್ನೂ ಹೇಳಬೇಕಲ್ಲ ಅಂದೆ.

## ಬಿಡದೆ ಬೆನ್ನುಹತ್ತಿದವರು ಕೇಳುವುದು

ಯಾವುದು ಕಾಂಡ ಆಗಬೇಕು, ಯಾವುದು ಬೀಜ ಆಗಬೇಕು, ಯಾರು ಹೇಳ್ತಾರ?

ಸುಮಾರು 20 ಪಾಲು ಕಾಂಡಕ್ಕೆ, 80 ಪಾಲು ಬೀಜಕಕ್ಕೆ. ಗುಡ್ಡೆಯಲ್ಲಿ ಎಲ್ಲಿ ನಿಂತಿದ್ದೀ ಅನ್ನುವುದರ ಮೇಲೆ ಪಾತ್ರ ಸಿಗುತ್ತದೆ ಅಂತ ಮೊದಲು ಅಂದುಕೊಂಡಿದ್ದರು. ಆದರೆ ಗುಡ್ಡೆಯಲ್ಲಿ ಎರಡೂ ಬಗೆಯವು ಮೊದಲು ಅಲ್ಲಲ್ಲಿ ಬೆರೆತೇ ಹುಟ್ಟುತ್ತವೆ. ಆಮೇಲೆ ಬೇರೆಯಾಗುತ್ತವೆ. ಮೊರದಲ್ಲಿ ತೊಗರಿ ಕೇರಿದರೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಆಗುತ್ತದಲ್ಲ, ಆ ಥರ. ಇಲ್ಲಿ ಕೇರುವ ಕೈ ಇಲ್ಲ. ಕಾಂಡವಾಗುವವು ಸೈಕ್ಲಿಕ್ ಎಎಂಪಿ ಕಡೆ ಚುರುಕಾಗಿ ಓಡಿ ತುದಿ ಸೇರುತ್ತವೆ.

ಹುಟ್ಟುವಾಗಲೇ ಬೇಧ ಯಾಕೆ? ಹಸಿವು ಶುರುವಾದಾಗ ಅಮೀಬಾ ತನ್ನ ವಿಭಜನೆಯ ಚಕ್ರದಲ್ಲಿ ಎಲ್ಲಿತ್ತು ಅನ್ನುವುದು ಒಂದು ಕಾರಣ. ಒಳಗಿನ ಕ್ಯಾಲ್ಸಿಯಂ ಮಟ್ಟ ಇನ್ನೊಂದು. ಜಾಸ್ತಿ ಕ್ಯಾಲ್ಸಿಯಂ ಇದ್ದವು ಕಾಂಡದ ಕಡೆ ವಾಲುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಮತ್ತು ಅವರ ವಿದ್ಯಾರ್ಥಿಗಳು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಇಂಥ ವಿಷಯಕ್ಕೆ ಅಮೆರಿಕಕ್ಕೇ ಹೋಗಬೇಕಾ ಅಂತ ಕೇಳುವ ಮಕ್ಕಳಿಗೆ ಈ ಹೆಸರು ಹೇಳುತ್ತೇನೆ.

ತೆವಳೋದನ್ನ ನಡುವ ಕತ್ತರಿಸಿದ್ರ?

1940ರಲ್ಲಿ ಅಮೆರಿಕದ ಕೆನ್ನೆತ್ ರೇಪರ್ ಕತ್ತರಿಸಿ ನೋಡಿದರು. ಡಿಕ್ಟಿಯಲ್ಲೇ ಡಿಸ್ಕಾಯ್ಡಿಯಂ ಎಂಬ ಈ ಜಾತಿಯನ್ನು 1933ರಲ್ಲಿ ಉತ್ತರ ಕೆರೊಲಿನಾದ ಕಾಡಿನ ತರಗೆಲೆಯಲ್ಲಿ ಹುಡುಕಿದವರೂ ಅವರೇ. ಹಿಂದಿನ ತುಂಡು, ಅಂದರೆ ಬೀಜಕವಾಗಬೇಕಾದವೇ ತುಂಬಿದ್ದ ತುಂಡು, ಹೊಸ ತುದಿ ಮಾಡಿಕೊಂಡು ಸರಿಯಾದ ಕಾಂಡ ಎತ್ತಿತು. ಮುಂದಿನ ತುಂಡಿಗೆ ತೆವಳಲು ಸಮಯ ಕೊಟ್ಟರೆ ಅದರಲ್ಲೂ ಬೀಜಕ ಬಂತು. ಕಿತ್ತ ತುದಿಯನ್ನು ಇನ್ನೊಂದರ ಪಕ್ಕೆಗೆ ಅಂಟಿಸಿದರೆ ಅಲ್ಲಿನ ಅಮೀಬಾಗಳು ಆ ಹೊಸ ತುದಿಯ ಹಿಂದೆ ಹೊರಟವು.

ಪಾಲು ಹೇಗೆ ಕಾಯುತ್ತವೆ? ಒಂದು ಸುಳಿವು ಡಿಐಎಫ್ ಎಂಬ ಸಣ್ಣ ಕ್ಲೋರಿನ್ ಇರುವ ವಸ್ತು. ಅದನ್ನು ತಯಾರಿಸುವುದು ಬೀಜಕದ ಕಡೆಯವು. ಅದು ಅಕ್ಕಪಕ್ಕದವನ್ನು ಕಾಂಡದ ಕಡೆ ತಳ್ಳುತ್ತದೆ. ಅದನ್ನು ಮುರಿಯುವುದು ಕಾಂಡದ ಕಡೆಯವು. ಬೀಜಕದವು ಹೆಚ್ಚಾದರೆ ವಸ್ತು ಹೆಚ್ಚುತ್ತದೆ, ಕೆಲವು ಪಕ್ಷ ಬದಲಿಸುತ್ತವೆ. ಕಾಂಡದವು ಹೆಚ್ಚಾದರೆ ಅದು ಕರಗುತ್ತದೆ.

ಕಾಂಡ ಆದವು ಸಾಯ್ತಾವಲ್ಲ, ಮೋಸ ಅಲ್ಲೇನು?

ಸಾಯುತ್ತವೆ, ನಿಜ. ಉಬ್ಬಿ, ಸೆಲ್ಯುಲೋಸ್ ಗೋಡೆ ಕಟ್ಟಿಕೊಂಡು ಕಂಬವಾಗಿ ನಿಲ್ಲುತ್ತವೆ. ಸುತ್ತಲಿನವು ಒಂದೇ ತಾಯಿಯ ಮಕ್ಕಳಾದರೆ ಲೆಕ್ಕ ಸರಿ, ತನ್ನದೇ ಜೀನ್ ಮುಂದೆ ಹೋಗುತ್ತದೆ. ಬೆರಕೆ ಗುಂಪಾದರೆ ಕೆಲವು ತಳಿಗಳು ಕಾಂಡದ ಪಾಳಿ ತಪ್ಪಿಸಿ ಬೀಜಕದಲ್ಲೇ ಜಾಸ್ತಿ ಜಾಗ ಹಿಡಿಯುತ್ತವೆ. ತಮಿಳುನಾಡಿನ ಮುದುಮಲೈ ಕಾಡಿನಿಂದ ತಂದ ಮಾದರಿಗಳಲ್ಲಿ ಒಂದೇ ಕಾಯಿಯೊಳಗೆ ಬೇರೆ ಬೇರೆ ತಳಿ ಬೆರೆತಿದ್ದನ್ನು ನಂಜುಂಡಯ್ಯ ಅವರ ತಂಡ 2010ರಲ್ಲಿ ಪ್ರಕಟಿಸಿತು. ಅಂದರೆ ಕಾಡಿನಲ್ಲಿ ಇದು ಪುಸ್ತಕದ ಸಮಸ್ಯೆ ಅಲ್ಲ. ಮೋಸ ಅನ್ನುವ ಮಾತು ಮಾತ್ರ ನಮ್ಮದು.

ಟ್ಯೂರಿಂಗ್ ಲೆಕ್ಕ ಇದಕ್ಕ ಹತ್ತತದೇನ್ರಿ?

ಅರ್ಧ. 1952ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ತೋರಿಸಿದ್ದು ಇದು: ಎರಡು ವಸ್ತುಗಳು ಒಂದರ ಮೇಲೊಂದು ಪ್ರಭಾವ ಬೀರುತ್ತಾ ಬೇರೆ ಬೇರೆ ವೇಗದಲ್ಲಿ ಹರಡಿದರೆ, ಎಲ್ಲೆಡೆ ಒಂದೇ ಸಮ ಇದ್ದ ಜಾಗದಲ್ಲೂ ಚುಕ್ಕಿ, ಪಟ್ಟಿ ತಾವಾಗಿ ಏಳುತ್ತವೆ. 1970ರಲ್ಲಿ ಎವೆಲಿನ್ ಫಾಕ್ಸ್ ಕೆಲ್ಲರ್ ಮತ್ತು ಲೀ ಸೆಗೆಲ್ ಅದೇ ಜಾಡಿನಲ್ಲಿ ಡಿಕ್ಟಿ ಗುಂಪುಗೂಡುವುದಕ್ಕೆ ಸಮೀಕರಣ ಬರೆದರು. ಸಮನಾಗಿ ಹರಡಿದ ಅಮೀಬಾಗಳ ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಏರುಪೇರು ಸಾಕು, ಲೀಡರ್ ಬೇಡ ಅಂತ ಅದರಿಂದ ತಿಳಿಯಿತು. ಆದರೆ ಕಾಂಡ, ಬೀಜಕ ಬೇರೆಯಾಗುವ ಹಂತದಲ್ಲಿ ಅಮೀಬಾಗಳೇ ಎದ್ದು ನಡೆಯುತ್ತವೆ. ಟ್ಯೂರಿಂಗ್ ಲೆಕ್ಕದಲ್ಲಿ ಜೀವಕೋಶಗಳು ಕೂತಲ್ಲೇ ಕೂತಿರುತ್ತವೆ. ಅದಕ್ಕೇ ಅರ್ಧ ಅಂದೆ.

ಕಾಂಡಗಳು ಒಂದಕ್ಕೊಂದು ತಾಗದಂಗ ಹೆಂಗ ನಿಲ್ತಾವ?

ಅಮೋನಿಯಾ. ಹಸಿದ ಅಮೀಬಾಗಳು ತಮ್ಮದೇ ಪ್ರೊಟೀನ್ ಕರಗಿಸಿ ಬದುಕುವುದರಿಂದ ಅಮೋನಿಯಾ ಹೊರಬರುತ್ತದೆ. ಏಳುವ ಕಾಂಡ ಪಕ್ಕದವರ ಅಮೋನಿಯಾದಿಂದ ದೂರ ವಾಲುತ್ತದೆ. 1962ರಲ್ಲಿ ಬಾನರ್ ಮತ್ತು ಡಾಡ್ ಪಕ್ಕದಲ್ಲಿ ಇದ್ದಿಲಿನ ಚೂರು ಇಟ್ಟು ನೋಡಿದರು. ಇದ್ದಿಲು ಅನಿಲ ಹೀರಿತು, ಕಾಂಡ ಇದ್ದಿಲಿನ ಕಡೆಗೇ ಬಾಗಿತು. ಆ ಅನಿಲ ಯಾವುದು ಅಂತ ಆಮೇಲೆ ತಿಳಿಯಿತು. ಬಿದರಿ ಕಪ್ಪಾಗಲು ಕೋಟೆಯ ಮಣ್ಣಿನ ಜೊತೆ ಹಾಕುವ ನವಸಾಗರವೂ ಅಮೋನಿಯಾದ ಉಪ್ಪೇ. ಸುಮ್ನೆ ನೆನಪಾಯಿತು, ಹೇಳಿದೆ.

ಮೈಕ್ರೋಸ್ಕೋಪ್ ಇಲ್ಲದ ಈ ಸುರುಳಿ ನೋಡ್ಬಹುದಾ ಮೇಡಂ?

ಗಣಿತದ ಚೌಕಳಿ ನೋಟ್‌ಬುಕ್, ಪೆನ್ಸಿಲ್ ಸಾಕು. ಒಂದೊಂದು ಚೌಕವೂ ಒಂದು ಅಮೀಬಾ. ಮೂರು ಸ್ಥಿತಿ: ಖಾಲಿ, ಕೂಗು, ವಿಶ್ರಾಂತಿ. ಖಾಲಿ ಚೌಕದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಯಾರಾದರೂ ಕೂಗುತ್ತಿದ್ದರೆ ಮುಂದಿನ ಹೆಜ್ಜೆಗೆ ಅದೂ ಕೂಗುತ್ತದೆ. ಕೂಗಿದ್ದು ಮುಂದಿನ ಹೆಜ್ಜೆಗೆ ವಿಶ್ರಾಂತಿ. ವಿಶ್ರಾಂತಿಯಲ್ಲಿದ್ದದ್ದು ಮತ್ತೆ ಖಾಲಿ. ಗ್ರೀನ್‌ಬರ್ಗ್ ಮತ್ತು ಹೇಸ್ಟಿಂಗ್ಸ್ 1978ರಲ್ಲಿ ಬರೆದ ನಿಯಮ ಇದೇ.

ಈಗ ಪುಟದ ಎಡ ಅಂಚಿನಿಂದ ನಡುವಿನವರೆಗೆ ಒಂದು ಸಾಲು ಕೂಗು ಬರೆಯಿರಿ. ಅದರ ಕೆಳಗೆ ಅಷ್ಟೇ ಉದ್ದ ವಿಶ್ರಾಂತಿ. ಉಳಿದದ್ದೆಲ್ಲ ಖಾಲಿ. ಕೂಗಿನ ಸಾಲು ನಡುವಿನಲ್ಲಿ ಮುಗಿಯುವ ಆ ಕೊನೆಯ ಚೌಕಕ್ಕೆ ಒಂದು ಗುರುತು ಹಾಕಿಕೊಳ್ಳಿ. ಪ್ರತಿ ಹೆಜ್ಜೆಯನ್ನೂ ಹೊಸ ಪುಟದಲ್ಲಿ ಬರೆಯಿರಿ, ಇಲ್ಲದಿದ್ದರೆ ಕಲಸಿಹೋಗುತ್ತದೆ. ಸಾಲು ಮೇಲಕ್ಕೆ ಹೋಗುತ್ತದೆ. ಅದರ ತುದಿ ಬಲಕ್ಕೆ ಚಾಚುತ್ತದೆ, ಆಮೇಲೆ ಕೆಳಕ್ಕೆ, ಮೂರನೇ ಹೆಜ್ಜೆಗೆ ಗುರುತಿನ ಚೌಕದ ಅಡಿಗೆ ಬರುತ್ತದೆ. ನಾಲ್ಕನೇ ಹೆಜ್ಜೆಗೆ ಗುರುತು ಹಾಕಿದ ಚೌಕ ತಾನಾಗಿ ಮತ್ತೆ ಕೂಗುತ್ತದೆ. ಸುರುಳಿ ಸುತ್ತುವುದು ಹೀಗೆ.